ಮೂವತ್ತೆಂಟು ಹಲ್ಲಿನ ಚಕ್ರ

ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಶೆಡ್ಡಿನ ಬೀಗದಕೈಯನ್ನು ತಳಕ್ಕೆ ಮುಟ್ಟಿಸಿ ಬಿಟ್ಟಳು ರಾಮಲಕ್ಷ್ಮಿ. ಕೈ ಹೊರಗೆ ತೆಗೆದಾಗ ಕಾಳು ಸರಸರ ಇಳಿದು ಗುಂಡಿ ಮುಚ್ಚಿಕೊಂಡಿತು. ಅಂಗೈಯಿಂದ ಮೇಲೆ ಸಮ ಮಾಡಿ, ಮುಚ್ಚಳ ಒತ್ತಿ, ಅದರ ಮೇಲೆ ಜರಡಿ ಇಟ್ಟಳು. ಬೆರಳಿಗೆ ಹತ್ತಿದ ಧೂಳನ್ನು ಸೀರೆಗೆ ಒರೆಸಿಕೊಳ್ಳುವಾಗ ಕೈ ನಡುಗುತ್ತಿತ್ತು. ಗಂಡ ಸತ್ತ ಮನೆಯಲ್ಲಿ ಹೆಂಡತಿಯ ಕೈ ನಡುಗಿದರೆ ಯಾರೂ ಯಾಕೆಂದು ಕೇಳುವುದಿಲ್ಲ. ಅದೊಂದು ಅನುಕೂಲವಾಗಿತ್ತು.

ಹೊರಗೆ ಪಡಸಾಲೆಯಲ್ಲಿ ಯರ್ರೆಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ತಲೆಗೆ ಬಿಳಿ ರುಮಾಲು, ಕೊರಳಲ್ಲಿ ಚೆಂಡುಹೂವಿನ ಹಾರ. ಬಲಗೈಯನ್ನು ತೊಡೆಯ ಮೇಲೆ ಇಟ್ಟಿದ್ದರು. ಆ ಕೈಯಲ್ಲಿ ತೋರುಬೆರಳು, ನಡುಬೆರಳು ಇರಲಿಲ್ಲ. ಹೂ ಹಾಕಲು ಬಂದವರೆಲ್ಲ ಮೊದಲು ಮುಖ ನೋಡಿ ಆಮೇಲೆ ಆ ಕೈ ನೋಡುತ್ತಿದ್ದರು. ಅಪ್ಪನ ಪಾದದ ಹತ್ತಿರ ಮಗಳು ಚಂದನಾ ಕುಳಿತಿದ್ದಳು. ರಾತ್ರಿಯಿಂದ ಅವಳು ಅತ್ತಿರಲಿಲ್ಲ.

ಯರ್ರೆಪ್ಪನ ಅಣ್ಣ ನಾಗಣ್ಣ ಕೌತಾಳಂನಿಂದ ಮೊದಲ ಬಸ್ಸಿಗೆ ಬಂದಿದ್ದ. ಅಲ್ಲಿ ಅವನದು ಕುಲುಮೆ. ಕುಡಗೋಲು, ಸಲಿಕೆ, ಕುಂಟೆಯ ಕುಡ ಬಡಿಯುವ ಕೆಲಸ. ತಮ್ಮನ ಮುಖ ನೋಡಿ, ಗದ್ದದ ಕೆಳಗೆ ಕಟ್ಟಿದ್ದ ಬಟ್ಟೆಯನ್ನು ಸರಿ ಮಾಡಿ, ಎದ್ದು ಹಿತ್ತಲಿಗೆ ಹೋಗಿದ್ದ. ಶೆಡ್ಡಿನ ಕಿಟಕಿಯಲ್ಲಿ ಬಗ್ಗಿ ನೋಡಿ ಬಂದವನು ಎಲ್ಲರಿಗೂ ಕೇಳುವಂತೆ ಹೇಳಿದ್ದ:

"ಮಿಷಿನ್ ಮ್ಯಾಲೆ ಕೆಲಸ ಅರ್ಧಕ್ಕ ನಿಂತೈತಿ. ಬೀಗದಕೈ ಯಾರ ಹತ್ರ ಐತಿ?"

ಆ ಮಾತು ಕಿವಿಗೆ ಬಿದ್ದಾಗಲೇ ರಾಮಲಕ್ಷ್ಮಿ ಒಳಗೆ ಹೋಗಿದ್ದಳು.

ಅರ್ಧಕ್ಕೆ ನಿಂತ ಕೆಲಸ ಎಂದರೆ ಏನರ್ಥ ಎಂದು ಅವಳಿಗೆ ಗೊತ್ತಿತ್ತು. ಆ ಮನೆತನದಲ್ಲಿ ಕೆಲಸಗಾರ ಸತ್ತಾಗ ಅವನ ಕೈಯಲ್ಲಿದ್ದ ಕೆಲಸವನ್ನು ಮುಗಿಸಿಯೇ ಹೆಣ ಎತ್ತುವುದು. ಮಾವ ಸತ್ತಾಗ ಕುಲುಮೆಯಲ್ಲಿ ಒಂದು ಕುಡಗೋಲು ಅರ್ಧ ಬಡಿದು ಬಿದ್ದಿತ್ತಂತೆ. ಹದಿನೆಂಟು ವರ್ಷದ ನಾಗಣ್ಣ ಹೊರಗೆ ಚಟ್ಟವನ್ನು ಕಾಯಲು ಬಿಟ್ಟು, ತಿದಿ ಒತ್ತಿ, ಅದನ್ನು ಕಾಸಿ ಬಡಿದು ಹದ ಹಾಕಿ, ಅಪ್ಪನ ಪಾದಕ್ಕೆ ಮುಟ್ಟಿಸಿದ ಮೇಲೆಯೇ ಎತ್ತಿದ್ದಂತೆ. ಹಾಗೆ ಮಾಡದಿದ್ದರೆ ಸತ್ತವನು ಹೋಗುವುದಿಲ್ಲ, ಕೆಲಸದ ಸುತ್ತಲೇ ತಿರುಗುತ್ತಾನೆ ಎಂದು ನಾಗಣ್ಣ ಪ್ರತಿ ಹಬ್ಬಕ್ಕೂ ಹೇಳುತ್ತಿದ್ದ. ಯರ್ರೆಪ್ಪ ನಗುತ್ತಿದ್ದ. ತಾನು ಸತ್ತ ಮೇಲೆ ದೊರಸಾನಿಯ ಸುತ್ತ ತಿರುಗುವುದಾದರೆ ಬಲು ಚಲೋ ಆಯಿತು, ಎಣ್ಣೆ ಹಾಕುವುದು ತಪ್ಪುವುದಿಲ್ಲ ಎನ್ನುತ್ತಿದ್ದ.

ದೊರಸಾನಿ ಎಂದರೆ ಕಬ್ಬಿಣ ಕಡಿದು ಹಲ್ಲು ಕೆತ್ತುವ ಆ ಮಿಲ್ಲಿಂಗ್ ಮಿಷಿನ್. ಜರ್ಮನಿಯಿಂದ ಬಂದದ್ದು ಎಂದು ಆದೋನಿಯ ಹತ್ತಿ ಮಿಲ್ಲಿನ ಕೆಲಸಗಾರರು ಇಟ್ಟ ಹೆಸರು. ಅಡಿಗೆಮನೆಯ ಬಾಗಿಲಿಂದ ಶೆಡ್ಡಿಗೆ ಹತ್ತು ಹೆಜ್ಜೆ. ಆ ಶೆಡ್ಡಿನ ಹೊಸ್ತಿಲನ್ನು ರಾಮಲಕ್ಷ್ಮಿ ಇಪ್ಪತ್ಮೂರು ವರ್ಷಗಳಿಂದ ದಾಟಿರಲಿಲ್ಲ. ಚಹಾದ ಲೋಟವನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟು, ಕೂಗಿ, ತಿರುಗಿ ಬಂದುಬಿಡುತ್ತಿದ್ದಳು. ಮಿಷಿನ್ ಸದ್ದು ನಿಂತಾಗಲೆಲ್ಲ ಒಲೆಯ ಮುಂದೆ ಉಸಿರು ಹಿಡಿದು, ಗಂಡನ ಕೆಮ್ಮೋ ಮಗಳ ಮಾತೋ ಕೇಳಿದ ಮೇಲೆ ರೊಟ್ಟಿ ತಿರುವುತ್ತಿದ್ದಳು.

ಈಗ ಆ ಬಾಗಿಲು ತೆರೆದರೆ ಯಾರೋ ಒಬ್ಬರು ಅದರ ಮುಂದೆ ನಿಲ್ಲಬೇಕಾಗುತ್ತದೆ. ಯಾರು ಎನ್ನುವುದೇ ಅವಳ ಭಯ.

*

ಯರ್ರೆಪ್ಪ ಹತ್ತೊಂಬತ್ತನೆಯ ವಯಸ್ಸಿಗೆ ಹತ್ತಿ ಮಿಲ್ಲಿನ ವರ್ಕ್‌ಶಾಪಿಗೆ ಸೇರಿದಾಗ ದೊರಸಾನಿಗೆ ಆಗಲೇ ಎಪ್ಪತ್ತು ದಾಟಿತ್ತು. ಮಿಲ್ಲು ಮುಚ್ಚಿದ ವರ್ಷ ಒಳಗಿನದೆಲ್ಲ ಗುಜರಿಗೆ ಹೋಯಿತು. ಬೇರೆ ಮಿಷಿನ್‌ಗಳನ್ನು ಘನದಿಂದ ಒಡೆದು ಲಾರಿಗೆ ಹಾಕಿದರು. ಇದರ ಸರದಿ ಬರುವ ಮುಂಚೆ ಯರ್ರೆಪ್ಪ ಗುಜರಿಯವನ ಹತ್ತಿರ ಹೋಗಿ, ಅವನ ಕೆಟ್ಟು ನಿಂತ ಲಾರಿಯ ಗೇರ್‌ಬಾಕ್ಸನ್ನು ಎರಡು ವಾರ ಕೂತು ಸರಿ ಮಾಡಿಕೊಟ್ಟ. ಅದರ ಬದಲಿಗೆ ದೊರಸಾನಿಯನ್ನು ಕೇಳಿದ. ಟ್ರ್ಯಾಕ್ಟರಿನಲ್ಲಿ ಓಣಿಯ ತುದಿಗೆ ಬಂದ ಮಿಷಿನ್ನನ್ನು ಪೈಪುಗಳ ಮೇಲೆ ಉರುಳಿಸಿ ಹಿತ್ತಲಿಗೆ ತರಲು ಎರಡು ದಿನ ಹಿಡಿಯಿತು. ಆಗ ರಾಮಲಕ್ಷ್ಮಿ ಹೊಸ ಸೊಸೆ. ಓಣಿಯ ಹೆಂಗಸರು ಅವಳನ್ನು ಕೆಣಕಿದರು. ಪಕ್ಕದ ಮನೆಯ ಬಸವಕ್ಕನಂತೂ, ಸವತಿಗೆ ಆರತಿ ಎತ್ತಿ ಒಳಗೆ ಕರಕೊಳ್ಳವ್ವಾ ಎಂದು ಅರಿಶಿನದ ನೀರು ಕೈಗೆ ಕೊಟ್ಟಿದ್ದಳು.

ಅವನು ಅದಕ್ಕೆ ಬಣ್ಣ ಬಳಿಯಲಿಲ್ಲ. ಹಳೆಯ ಕಪ್ಪು ಬಣ್ಣ ಎಲ್ಲಿ ಉಳಿದಿತ್ತೋ ಅಲ್ಲಿ ಹಾಗೇ ಉಳಿಸಿದ. ಸವೆದ ಭಾಗವನ್ನು ಬಿಸಾಡದೆ ಅದರಂತೆಯೇ ಹೊಸದನ್ನು ಅದೇ ಮಿಷಿನ್ನಿನ ಮೇಲೆ ಕಡಿದು ಹಾಕಿ, ಹಳೆಯದಕ್ಕೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟ. ಎಣ್ಣೆ ಬಟ್ಟಲುಗಳಲ್ಲಿ ಉಣ್ಣೆಯ ಬತ್ತಿ ಇರಬೇಕಿತ್ತು. ಹತ್ತಿಯ ಬತ್ತಿ ಎಣ್ಣೆಯನ್ನು ಸರಿಯಾಗಿ ಇಳಿಸುವುದಿಲ್ಲ ಎಂದು, ಪೆದ್ದಕಡುಬೂರಿನ ಕುರಿಯವರಿಂದ ಉಣ್ಣೆ ತಂದು ತಾನೇ ಹೊಸೆಯುತ್ತಿದ್ದ. ಹಿತ್ತಾಳೆಯ ಫಲಕದ ಮೇಲಿದ್ದ ಉಬ್ಬಿದ ಅಕ್ಷರಗಳಿಗೆ ಪ್ರತಿ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದ. ಅದು ಮಿಷಿನ್ ಮಾಡಿದ ದೊರೆಯ ಹೆಸರು ಎಂದು ಅವನ ನಂಬಿಕೆ.

ಹೋದ ವರ್ಷ ಸುಹಾಸಿನಿ ಎಂಬ ಇಂಜಿನಿಯರಿಂಗ್ ಕಾಲೇಜಿನ ಮೇಡಂ ಇದರ ಸುದ್ದಿ ಕೇಳಿ ಬಂದಿದ್ದರು. ಅವರು ಫಲಕ ಓದಿ, ಅದು ದೊರೆಯ ಹೆಸರಲ್ಲ, ಕೆಮ್ನಿಟ್ಸ್ ಎಂಬ ಊರಿನ ಹೆಸರು, ಕೆಳಗಿರುವುದು ೧೯೧೧ ಎಂಬ ಇಸವಿ ಎಂದರು. ಇಂಥದ್ದು ಕೈಕಾಲು ಸರಿಯಿದ್ದು ತಿರುಗುವ ಸ್ಥಿತಿಯಲ್ಲಿ ತಾವೆಲ್ಲೂ ಕಂಡಿಲ್ಲ, ತಾವು ಕಟ್ಟುತ್ತಿರುವ ಮ್ಯೂಸಿಯಮ್ಮಿಗೆ ಕೊಡಿ, ಗಾಜಿನೊಳಗೆ ಜೋಪಾನ ಮಾಡುತ್ತೇವೆ ಎಂದರು. ಯರ್ರೆಪ್ಪ, ತಿರುಗೋತನಕ ತಿರುಗಲಿ ಮೇಡಂ ಎಂದಷ್ಟೇ ಹೇಳಿದ. ಅವರು ಹೊರಡುವಾಗ ರಾಮಲಕ್ಷ್ಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗಂಡನಿಗೆ ಕಾಣದಂತೆ, ಅವರ ಫೋನ್ ನಂಬರ್ ಕೇಳಿ ಬರೆಸಿಕೊಂಡಿದ್ದಳು. ಗಾಜು ಎಂಬ ಮಾತು ಅವಳಿಗೆ ಬಹಳ ಹಿಡಿಸಿತ್ತು. ಗಾಜಿನ ಒಳಗೆ ಯಾರ ಕೈಯೂ ಹೋಗುವುದಿಲ್ಲ.

*

ಬೀಗದಕೈ ಎಲ್ಲಿದೆಯೋ ಗೊತ್ತಿಲ್ಲ ಎಂದಳು ರಾಮಲಕ್ಷ್ಮಿ. ಅವರ ಅಂಗಿಯಲ್ಲಿರಬೇಕು ಎಂದಳು. ಅಂಗಿ ಹುಡುಕಿದರು. ದೇವರ ಗೂಡು, ಗಡಿಯಾರದ ಹಿಂದು, ಹಾಸಿಗೆಯ ಕೆಳಗು ನೋಡಿದರು. ಅಂದು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಎತ್ತಬೇಕು. ಆಗಲೇ ಒಂಬತ್ತಾಗಿತ್ತು.

ಬಸವಕ್ಕ ಅವಳ ಬೆನ್ನು ಸವರುತ್ತ, ದುಃಖದಾಗ ಕೈಗೆ ಏನೂ ಸಿಗೂದಿಲ್ಲ ಬಿಡವ್ವಾ ಎಂದಳು. ಆಮೇಲೆ ಪಕ್ಕದವಳ ಕಡೆ ಬಾಗಿ, "ದೊರಸಾನೀನೂ ಇವತ್ತ ಮುಂಡೆ ಆದ್ಲು ನೋಡು. ಇಬ್ಬರ ಗೋಳು ಒಂದ" ಎಂದಳು. ಪಕ್ಕದವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು, ಮತ್ತೆ ಅಳತೊಡಗಿದಳು.

ನಾಗಣ್ಣನಿಗೆ ತಾಳ್ಮೆ ಮುಗಿಯಿತು. ಸುತ್ತಿಗೆ ತರಲು ಹೇಳಿದ. ಬೀಗ ಒಡೆದರೆ ಹೊಸದು ಹಾಕಿಸಿದರಾಯಿತು ಎಂದ. ರಾಮಲಕ್ಷ್ಮಿ ಎದ್ದು ನಿಂತು, "ಬ್ಯಾಡ ಬಾವಾ, ಸಾವಿನ ಮನಿಯಾಗ ಬೀಗ ಒಡೀಬಾರದು" ಎಂದಳು. ಅಂಥ ಪದ್ಧತಿ ಯಾವುದೂ ಇರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡಿದ್ದಳು.

ಆಗ ಚಂದನಾ ಅಪ್ಪನ ಪಾದದಿಂದ ಎದ್ದಳು. ಕೊರಳಿಗೆ ಕೈ ಹಾಕಿ, ಕುರ್ತಾದ ಒಳಗಿಂದ ಒಂದು ಕಪ್ಪು ದಾರವನ್ನು ಎಳೆದಳು. ದಾರದ ತುದಿಯಲ್ಲಿ ಶೆಡ್ಡಿನ ಇನ್ನೊಂದು ಬೀಗದಕೈ ತೂಗುತ್ತಿತ್ತು.

"ನನ್ನ ಹತ್ರ ಐತಿ, ದೊಡ್ಡಪ್ಪ."

ರಾಮಲಕ್ಷ್ಮಿ ಮಗಳನ್ನು ನೋಡಿದಳು. ಆ ದಾರವನ್ನು ಅವಳು ಎಷ್ಟೋ ಸಲ ಕಂಡಿದ್ದಳು. ದರ್ಗಾದ ತಾಯಿತ ಎಂದುಕೊಂಡು ಕೇಳದೆ ಬಿಟ್ಟಿದ್ದಳು.

ಬಾಗಿಲು ತೆರೆದಾಗ ತಗಡಿನ ಬಿಸಿ, ಎಣ್ಣೆಯ ವಾಸನೆ ಒಟ್ಟಿಗೆ ಹೊರಗೆ ಬಂದವು. ನಾಗಣ್ಣ ಒಳಗೆ ಹೋದ. ಹಿಂದೆ ಅವನ ಮಗ ಶಿವಕೃಷ್ಣ ಹೋದ. ಅವನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನಡೆಸುವ ಹೊಸ ಮಿಷಿನ್‌ಗಳ ಮೇಲೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದ. ರಾಮಲಕ್ಷ್ಮಿ ಹೊಸ್ತಿಲ ಹೊರಗೆ, ತಾನು ಚಹಾ ಇಡುತ್ತಿದ್ದ ಕಲ್ಲಿನ ಪಕ್ಕ ನಿಂತಳು. ಮಿಷಿನ್ ಅವಳು ನೆನಪಿಟ್ಟುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಅದರಿಂದ ಭಯ ಕಡಿಮೆಯಾಗಲಿಲ್ಲ. ಅಡ್ಡದಂಡಕ್ಕೆ ಸಿಕ್ಕಿಸಿದ ಕಟ್ಟರು, ಸುತ್ತಲೂ ಹಲ್ಲಿದ್ದ ಅಂಗೈಯಗಲದ ಉಕ್ಕಿನ ಬಿಲ್ಲೆ, ಅದೇ ಎತ್ತರದಲ್ಲಿ, ಅದೇ ಕಡೆ ಇತ್ತು.

ಕಟ್ಟರಿನ ಕೆಳಗೆ ಒಂದು ಕಬ್ಬಿಣದ ಚಕ್ರ. ಪತ್ತಿಕೊಂಡದ ಎಣ್ಣೆ ಗಾಣದ್ದು. ಮೂವತ್ತೆಂಟು ಹಲ್ಲಾಗಬೇಕು, ಇಪ್ಪತ್ತೊಂಬತ್ತು ಆಗಿವೆ ಎಂದು ಶಿವಕೃಷ್ಣ ಎಣಿಸಿ ಹೇಳಿದ. ಆಮೇಲೆ ಬಗ್ಗಿ, ಮೇಜಿನ ಮೇಲೆ ಬಿದ್ದಿದ್ದ ಕಬ್ಬಿಣದ ಚೂರನ್ನು ಚಿಟಿಕೆಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಚಿಗಪ್ಪ ಹಾಸಿಗಿ ಹಿಡದು ಮೂರು ವಾರ ಆತಂದ್ರಿ. ಇದು ಇನ್ನಾ ಹೊಳಿತೈತಿ. ಎಣ್ಣಿ ಹಸಿ ಐತಿ. ಯಾರು ಕಡದಾರ ಇದನ್ನ?"

ನಾಗಣ್ಣ ಕಿಟಕಿಯ ಕಡೆ ನೋಡಿದ, ತಮ್ಮ ಸಾಯುವ ಮುಂಚೆಯೇ ತಿರುಗಲು ಶುರು ಮಾಡಿದನೇನೋ ಎನ್ನುವ ಹಾಗೆ.

"ನಾನು" ಎಂದಳು ಚಂದನಾ. "ಮಂಗಳವಾರ. ಅವ್ವ ಗುಡ್ಡಕ್ಕ ಹೋಗಿದ್ಲು. ಮೊದಲನೇ ಹಲ್ಲು ಅಪ್ಪಂದು. ಕುರ್ಚಿ ಮ್ಯಾಲೆ ಕುಂದ್ರಿಸಿಕೊಂಡು ಬಂದಿದ್ದೆ. ಉಳದದ್ದು ನಂದು."

ಮಂಗಳವಾರ ರಾಮಲಕ್ಷ್ಮಿ ರಣಮಂಡಲ ಆಂಜನೇಯನ ಗುಡ್ಡ ಹತ್ತಿದ್ದಳು, ಗಂಡನ ಜೀವಕ್ಕೆ ಹರಕೆ ಹೊರಲು. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಹಚ್ಚಿ ಮಧ್ಯಾಹ್ನ ಇಳಿದು ಬಂದಿದ್ದಳು. ಗಂಡ ಹಾಸಿಗೆಯಲ್ಲೇ ಇದ್ದ. ಮೂರು ವಾರದಲ್ಲಿ ಮೊದಲ ಸಲ ಅವನ ಮುಖದಲ್ಲಿ ಸ್ವಲ್ಪ ಕಳೆಯಿತ್ತು. ಆಂಜನೇಯ ಕಣ್ಣು ಬಿಟ್ಟ ಎಂದುಕೊಂಡಿದ್ದಳು.

ನಾಗಣ್ಣ ತಲೆಯಾಡಿಸಿ, ಮೊದಲ ಹಲ್ಲು ಅವನದಾದರೆ ಕೆಲಸವೂ ಅವನದೇ, ಮುಗಿಸಲೇಬೇಕು ಎಂದ. ಮಗನಿಗೆ ಅಂಗಿ ತೋಳು ಮಡಚಲು ಹೇಳಿದ.

"ನಾನು ಮುಗಿಸ್ತೀನಿ ದೊಡ್ಡಪ್ಪ" ಎಂದಳು ಚಂದನಾ.

ರಾಮಲಕ್ಷ್ಮಿ ತಡೆಯುವ ಮೊದಲೇ ನಾಗಣ್ಣನೇ ಬೇಡ ಎಂದುಬಿಟ್ಟ. ಗಂಡುಮಗ ಇರುವಾಗ ಹೆಣ್ಣುಮಗಳು ಯಾಕೆ, ಅದೂ ಇಂಥ ದಿನ ಎಂದ. ಜೀವನದಲ್ಲಿ ಮೊದಲ ಸಲ ರಾಮಲಕ್ಷ್ಮಿಗೆ ಬಾವನ ಮೇಲೆ ಪ್ರೀತಿ ಬಂತು.

*

ಶಿವಕೃಷ್ಣ ಒಳ್ಳೆಯ ಹುಡುಗ, ಅವಸರದವನೂ ಅಲ್ಲ. ಹಿಡಿಕೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಹಲ್ಲಿಗೆ ಹಲ್ಲಿನ ಅಂತರ ಹೇಗೆ ಎಂದು ತಂಗಿಯನ್ನು ಕೇಳಿದ. ತೂತಿನ ತಟ್ಟೆಯ ಮೇಲೆ ಹಿಡಿಕೆಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಇನ್ನೊಂದು ತೂತು ಮುಂದಕ್ಕೆ, ಅಷ್ಟೇ ಎಂದು ಅವಳು ತೋರಿಸಿದಳು. ಅವನು ಮೇಜನ್ನು ಕಟ್ಟರಿನ ಎಡಕ್ಕೆ ಸರಿಸಿ, ಅಲ್ಲಿಂದ ಶುರು ಮಾಡಲು ನಿಂತ.

"ಅಣ್ಣಾ, ಆ ಕಡಿಂದ ಬ್ಯಾಡ" ಎಂದಳು ಚಂದನಾ. "ಕಟ್ಟರ್ ತಿರುಗೋ ದಿಕ್ಕಿಗೇ ಕೊಟ್ರ ಎಳಕೊಂಡು ಹೋಗತೈತಿ. ಇದರ ಸ್ಕ್ರೂ ಸವದೈತಿ. ಎದುರಿಂದ ಕೊಡಬೇಕು."

ಅವನು ನಕ್ಕ. ತಮ್ಮ ಫ್ಯಾಕ್ಟರಿಯಲ್ಲಿ ದಿನಕ್ಕೆ ನೂರು ಕೆಲಸ ಹೀಗೇ ಕಡಿಯುತ್ತೇವೆ, ಹೀಗೆ ಕಡಿದರೇ ನುಣುಪು ಎಂದ. ಬಾಗಿಲಲ್ಲಿ ನಿಂತಿದ್ದ ರಾಮಲಕ್ಷ್ಮಿಯ ಮುಖ ನೋಡಿ ತೆಲುಗಿನಲ್ಲಿ ಸಮಾಧಾನ ಹೇಳಿದ: "ಏಂ ಕಾದು ಚಿಗವ್ವಾ. ಏನೂ ಆಗೂದಿಲ್ಲ."

ಸ್ವಿಚ್ಚು ಹಾಕಿದ. ಮೋಟಾರಿನ ಪಟ್ಟಾ ಪಟಪಟ ಬಡಿದು ಬಿಗಿಯಾಯಿತು. ಕಟ್ಟರು ತಿರುಗತೊಡಗಿತು. ಅದರ ಹಲ್ಲುಗಳು ಒಂದಕ್ಕೊಂದು ಸೇರಿ ಬರೀ ಒಂದು ಬೆಳ್ಳಿ ಗೆರೆಯಾಗಿ ಕಂಡವು. ಅದು ಅಷ್ಟು ನುಣ್ಣಗೆ, ಅಷ್ಟು ಸುಮ್ಮನೆ ಕಾಣುವುದೇ ಅದರ ಮೋಸ. ಶಿವಕೃಷ್ಣನ ಬಲಗೈ ಹಿಡಿಕೆಯ ಮೇಲೆ. ಎಡಗೈಯನ್ನು, ರೂಢಿಯಿಲ್ಲದ ಕಡೆ ನಿಂತವರು ಇಡುವ ಹಾಗೆ, ಸುಮ್ಮನೆ ಚಕ್ರದ ಪಕ್ಕಕ್ಕೆ ಇಟ್ಟಿದ್ದ. ಎಡಗೈ ತೆಗಿ ಎನ್ನಬೇಕೆಂದು ರಾಮಲಕ್ಷ್ಮಿ ಹೊಸ್ತಿಲ ಮೇಲೆ ಬಾಗಿದಳು.

ಮೇಜು ಒಂದು ಬೆರಳಿನಷ್ಟು ಸರಿಯಿತು. ಕಟ್ಟರು ಕಬ್ಬಿಣವನ್ನು ಮುಟ್ಟಿತು. ಮರುಗಳಿಗೆ ಧಡ್ ಎಂದು ಸದ್ದಾಗಿ ಇಡೀ ಮೇಜು ತಾನಾಗಿಯೇ ಮುಂದಕ್ಕೆ ಜಿಗಿಯಿತು. ಹಿಡಿಕೆ ಶಿವಕೃಷ್ಣನ ಕೈಯಿಂದ ಕಿತ್ತುಕೊಂಡು ಗಿರಕ್ಕನೆ ತಿರುಗಿತು. ಅಡ್ಡದಂಡ ನಡುಗಿತು. ಅಷ್ಟರೊಳಗೆ ಚಂದನಾ ಒಂದು ಕೈಯಿಂದ ಅವನ ಎಡ ಮುಂಗೈಯನ್ನು ಹಿಂದಕ್ಕೆ ಎಳೆದು, ಇನ್ನೊಂದು ಕೈಯಿಂದ ಸ್ವಿಚ್ಚಿಗೆ ಹೊಡೆದಿದ್ದಳು.

ಮಿಷಿನ್ ನಿಧಾನವಾಗಿ ನಿಂತಿತು. ಪಡಸಾಲೆಯ ಅಳುವೂ ನಿಂತಿತ್ತು.

ಶಿವಕೃಷ್ಣ ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿದ. ಏನೂ ಆಗಿರಲಿಲ್ಲ. ಚಂದನಾ ಬಗ್ಗಿ ಚಕ್ರವನ್ನು ಪರೀಕ್ಷಿಸಿದಳು. ಕಚ್ಚು ಬಿದ್ದದ್ದು ಇನ್ನೂ ಕಡಿಯಬೇಕಿದ್ದ ಸಂದಿನಲ್ಲಿ, ಅದು ಹೇಗೂ ಹೋಗುವ ಜಾಗ, ಚಕ್ರ ಕೆಟ್ಟಿಲ್ಲ ಎಂದಳು. ಅವನು ತಂದೆಯ ಕಡೆ ತಿರುಗಿ, "ನನಗ ಬ್ಯಾಡಪ್ಪ. ಇದು ನನಗ ತಿಳದ ಮಿಷಿನ್ ಅಲ್ಲ" ಎಂದ. ಗೋಡೆ ಹಿಡಿದು ಹೊರಗೆ ಬಂದು ಕಲ್ಲಿನ ಮೇಲೆ ಕುಳಿತುಬಿಟ್ಟ.

ರಾಮಲಕ್ಷ್ಮಿ ಮಾತ್ರ ಅವನನ್ನು ನೋಡಲಿಲ್ಲ. ಮಗಳ ಕೈಯನ್ನು ನೋಡುತ್ತಿದ್ದಳು. ಆ ಕೈ ಅವನ ಮುಂಗೈಯನ್ನು ಹಿಡಿದು ಎಳೆದ ರೀತಿಯನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು.

*

ಆಗ ಚಂದನಾ ಎಂಟು ತಿಂಗಳ ಕೂಸು. ತೊಟ್ಟಿಲಲ್ಲಿ ಮಲಗಿಸಿ ರಾಮಲಕ್ಷ್ಮಿ ಶೆಡ್ಡಿಗೆ ಹೋಗಿದ್ದಳು. ಆ ದಿನಗಳಲ್ಲಿ ಅವಳಿಗೆ ಅಲ್ಲಿ ಕೂಡುವುದು ಇಷ್ಟ. ಗಂಡ ಕೆಲಸ ಮಾಡುವಾಗ ಹಾಡು ಗುನುಗುತ್ತಿದ್ದ. ಮಿಷಿನ್ ಸದ್ದಿನಲ್ಲಿ ಮಾತು ಕೇಳದಿದ್ದರೂ ತುಟಿ ನೋಡಿ ನಗುತ್ತಿದ್ದಳು.

ಆದೋನಿಯಲ್ಲಿ ಹತ್ತಿಗೇನು ಬರ. ಇನ್ನೂ ನಡೆಯುತ್ತಿದ್ದ ಬೇರೆ ಮಿಲ್ಲುಗಳಿಂದ ಹೊರಬಿದ್ದ ಹತ್ತಿಯ ಚಿಂದಿ ಓಣಿಯ ಮೂಲೆಮೂಲೆಯಲ್ಲಿ ಸಿಗುತ್ತಿತ್ತು. ಊರಿನವರೆಲ್ಲ ಅದರಿಂದಲೇ ಒರೆಸುವುದು, ತಿಕ್ಕುವುದು. ಲೇತ್‌ನವನೂ ಅದನ್ನೇ ಹಿಡಿಯುತ್ತಿದ್ದ, ಕಂದೀಲಿನ ಗಾಜಿಗೂ ಅದೇ. ಅವಳು ಒಂದು ಹಿಡಿ ಚಿಂದಿಯನ್ನು ತೊಳೆದು ಒಣಗಿಸಿ, ಮೆತ್ತಗೆ ಬಿಡಿಸಿ, ಗಂಡನ ಮಿಷಿನ್ನಿಗೆಂದು ತಂದಿದ್ದಳು. ಕಟ್ಟರಿನ ಕೆಳಗೆ ಚೂರು ಗುಡ್ಡೆಯಾಗಿತ್ತು. ಮನೆಯ ಕಸ ಗುಡಿಸುವಷ್ಟು ಸಹಜವಾಗಿ, ಚಿಂದಿ ಹಿಡಿದ ಕೈಯನ್ನು ಅಲ್ಲಿಗೆ ಚಾಚಿದಳು.

ಹತ್ತಿಯ ಒಂದು ಎಳೆ ಸಾಕಾಯಿತು. ಚಿಂದಿ ಉದ್ದವಾಗಿ ಎಳೆದುಕೊಂಡಿತು. ಬೆರಳಿಗೆ ಸುತ್ತಿಕೊಂಡದ್ದು ಮೇಲಕ್ಕೆ ಏರಿತು. ಅವಳಿಗೆ ಏನೆಂದು ತಿಳಿಯುವ ಮೊದಲೇ ಗಂಡನ ಎಡಗೈ ಅವಳ ಮುಂಗೈಯನ್ನು ಹಿಂದಕ್ಕೆ ಎಳೆದಿತ್ತು. ಅವನ ಬಲಗೈ ಅವಳ ಕೈ ಇದ್ದ ಜಾಗಕ್ಕೆ ಅಡ್ಡ ಹೋಗಿತ್ತು.

ಆಸ್ಪತ್ರೆಯಲ್ಲಿ, ಓಣಿಯಲ್ಲಿ, ಅಣ್ಣನ ಮುಂದೆ, ಎಲ್ಲ ಕಡೆ ಅವನು ಒಂದೇ ಮಾತು ಹೇಳಿದ. ರಾತ್ರಿ ನಿದ್ದೆ ಇರಲಿಲ್ಲ, ತೂಕಡಿಸಿದೆ. ಅವಳು ಪಕ್ಕದಲ್ಲೇ ಇದ್ದಳು, ತಿದ್ದಲಿಲ್ಲ. ಮನೆಗೆ ಬಂದ ಮೇಲೂ ಅವರಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಅಂದಿನಿಂದ ಹತ್ತಿಯ ಊರಿನ ಆ ಒಂದು ಶೆಡ್ಡಿನೊಳಗೆ ಹತ್ತಿ ಹೋಗಲಿಲ್ಲ, ರಾಮಲಕ್ಷ್ಮಿಯೂ ಹೋಗಲಿಲ್ಲ. ಅವನು ಉಳಿದ ಮೂರು ಬೆರಳಿನಲ್ಲಿ ಹಿಡಿಕೆ ಹಿಡಿಯುವುದನ್ನು ಕಲಿತ. ಊಟಕ್ಕೆ ಕುಳಿತಾಗ ಮೂರೇ ಬೆರಳಿನಿಂದ ತುತ್ತು ಕಲಸುವುದನ್ನು ನೋಡಲಾರದೆ, ಅವಳು ಇಪ್ಪತ್ಮೂರು ವರ್ಷ ಅವನಿಗೆ ಬಡಿಸಿದ ಕೂಡಲೇ ಒಳಗೆ ಹೋಗಲು ಏನಾದರೊಂದು ನೆವ ಹುಡುಕಿಕೊಂಡಳು.

*

"ಹಂಗಿದ್ರ ಚಕ್ರ ಬಿಚ್ಚಿ ಇಟ್ಟುಬಿಡ್ರಿ" ಎಂದ ನಾಗಣ್ಣ. ಅವನ ದನಿ ಇಳಿದಿತ್ತು. ಅರ್ಧಕ್ಕೇ ಹೋಗುವುದು ತಮ್ಮನ ಹಣೆಬರಹವಿದ್ದರೆ ಯಾರೇನು ಮಾಡುವುದು, ತನಗೆ ವಯಸ್ಸಾಯಿತು, ಕುಲುಮೆಯ ಕೆಲಸ ಬಿಟ್ಟರೆ ಇದು ತನಗೆ ಬಾರದು ಎಂದ. ಸೆಲ್ ಫೋನಿನಲ್ಲಿ ಹೊತ್ತು ನೋಡಿದ. ಒಂಬತ್ತೂ ನಲವತ್ತು.

ಚಂದನಾ ಬಾಗಿಲ ಕಡೆ ತಿರುಗಿದಳು.

"ಅವ್ವಾ, ನೀನು ಹೇಳು. ನೀನು ಬ್ಯಾಡಂದ್ರ ಬಿಚ್ಚತೀನಿ."

ಎಲ್ಲರೂ ರಾಮಲಕ್ಷ್ಮಿಯನ್ನು ನೋಡಿದರು. ಬೇಡ ಎಂದರೆ ಮುಗಿಯಿತು. ಚಕ್ರ ಇಳಿಯುತ್ತದೆ. ಹನ್ನೊಂದನೆಯ ದಿನ ಕಳೆದ ಮೇಲೆ ಮೇಡಮ್ಮಿಗೆ ಒಂದು ಫೋನು. ಕ್ರೇನು ಬರುತ್ತದೆ, ದೊರಸಾನಿ ಗಾಜಿನೊಳಗೆ ಹೋಗಿ ನಿಲ್ಲುತ್ತಾಳೆ, ಮಗಳ ಹತ್ತು ಬೆರಳು ಮನೆಯಲ್ಲಿ ಉಳಿಯುತ್ತವೆ. ಆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಎರಡು ವರ್ಷ. ಅಪ್ಪನ ಕೈ ನಡುಗಾಕ ಹತ್ತಿದ ಮ್ಯಾಲೆ."

ಎರಡು ವರ್ಷ ಒಲೆಯ ಮುಂದೆ ಕೇಳಿದ ಸದ್ದೆಲ್ಲ ಗಂಡನದೆಂದುಕೊಂಡಿದ್ದಳು. ಮಗಳು ಫೋನಿನಲ್ಲಿ ಬಂದ ಅಳತೆ ಓದಿ ಹೇಳಲು ಕೂಡುತ್ತಾಳೆ ಎಂದುಕೊಂಡಿದ್ದಳು. ಆ ಸದ್ದು ನಿಂತಾಗಲೆಲ್ಲ ತಾನು ಹೆದರಿದ್ದು ತಪ್ಪು ಜೀವಕ್ಕಾಗಿ.

"ಕೈ ತೋರ್ಸು."

ಚಂದನಾ ಹೊಸ್ತಿಲವರೆಗೆ ಬಂದು ಎರಡೂ ಕೈ ಮುಂದೆ ಚಾಚಿದಳು. ರಾಮಲಕ್ಷ್ಮಿ ಅವನ್ನು ಹಿಡಿದು ಅಂಗೈ, ಮುಂಗೈ ತಿರುಗಿಸಿ ನೋಡಿದಳು. ಉಗುರಿನ ಸಂದಿನಲ್ಲಿ ಕಪ್ಪು. ಹೆಬ್ಬೆರಳ ಬುಡದಲ್ಲಿ ಹಿಡಿಕೆಯ ಗಂಟು. ಅಲ್ಲಲ್ಲಿ ಬಿಸಿ ಚೂರು ಸಿಡಿದ ಸಣ್ಣ ಚುಕ್ಕೆಗಳು. ಒಗ್ಗರಣೆಯ ಎಣ್ಣೆ ಎಂದು ಮಗಳು ಹೇಳಿದ್ದಳು, ತಾನು ಬೆಣ್ಣೆ ಹಚ್ಚಿದ್ದಳು. ಒಂದೊಂದೇ ಬೆರಳನ್ನು ಮಡಚಿ ಬಿಡಿಸಿದಳು, ಕೂಸು ಹುಟ್ಟಿದ ದಿನ ಮಾಡಿದ ಹಾಗೆ.

ಆಮೇಲೆ ಅವಳು ಬಾವನಿಗೂ ಕೇಳುವಂತೆ, ಆದರೆ ಮಗಳ ಕೈಗಳನ್ನೇ ನೋಡುತ್ತ ಹೇಳಿದಳು:

"ಅವರು ಅವತ್ತು ತೂಕಡಿಸಿರಲಿಲ್ಲ. ನನ್ನ ಕೈ ಒಳಗ ಹೋಗಿತ್ತು. ಹತ್ತಿ ಹಿಡಕೊಂಡಿದ್ದೆ."

ನಾಗಣ್ಣನ ಬಾಯಿ ಸ್ವಲ್ಪ ತೆರೆಯಿತು. ಕಲ್ಲಿನ ಮೇಲೆ ಕುಳಿತಿದ್ದ ಶಿವಕೃಷ್ಣ ತಲೆ ಎತ್ತಿದ. ಚಂದನಾಗೆ ಮಾತ್ರ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತು" ಎಂದಳು. "ಮೊದಲನೇ ದಿನ ಅದನ್ನ ಹೇಳಿಕೊಟ್ಟ. ಬ್ರಷ್ ಬಿಟ್ಟು ಏನೂ ಹಿಡೀಬಾರದು, ಅದೂ ಮಿಷಿನ್ ನಿಂತ ಮ್ಯಾಲೆ, ಅಂತ. ತನ್ನ ಬೆರಳು ಹೋದ ಕತಿ ಅಂತ ಹೇಳಲಿಲ್ಲವ್ವಾ. ನಿಮ್ಮವ್ವನ ಕೈ ಉಳೀತು ಅಂತ ಹೇಳಿದ. ಹೇಳಿ ನಕ್ಕ. ಆ ಕೈಲೆ ಮಾಡಿದ ರೊಟ್ಟಿ ತಿನ್ನಾಕ ಮೂರು ಬೆರಳು ಸಾಕು ಅಂದ."

ರಾಮಲಕ್ಷ್ಮಿ ಮಗಳ ಕೈ ಬಿಡಲಿಲ್ಲ. ಪಡಸಾಲೆಯಲ್ಲಿ ಮತ್ತೆ ಯಾರೋ ಅಳಲು ಶುರು ಮಾಡಿದರು. ಹೊಸದಾಗಿ ಬಂದವರಿರಬೇಕು. ಭಯ ಇಳಿದಿರಲಿಲ್ಲ. ಅದು ಗಂ ಎಂದು ಕಿವಿಯಲ್ಲೇ ಇತ್ತು. ಆ ಭಯದೊಳಗೇ ಅವಳು ಬಲಗಾಲನ್ನು ಎತ್ತಿ ಹೊಸ್ತಿಲ ಆಚೆ ಇಟ್ಟಳು.

ಮೊದಲು ಮಗಳ ಹೆಗಲ ಮೇಲಿನ ವೇಲ್ ಎಳೆದುಕೊಂಡಳು. ನಾಗಣ್ಣ ಮುಖ ಆಚೆ ತಿರುಗಿಸಿದ. ಆಮೇಲೆ ಬೆನ್ನ ಮೇಲಿದ್ದ ಜಡೆಯನ್ನು ಹಿಡಿದು, ಬಿಗಿಯಾಗಿ ಸುತ್ತಿ ಸುತ್ತಿ ತುರುಬು ಮಾಡಿ, ತನ್ನ ತಲೆಯಿಂದ ಎರಡು ಪಿನ್ನು ಕಿತ್ತು ಅದಕ್ಕೆ ಚುಚ್ಚಿದಳು. ಅವಳದೇ ಕೂದಲು ಬಿಚ್ಚಿ ಹೆಗಲಿಗೆ ಬಿತ್ತು. ಅದನ್ನು ಗಂಟು ಹಾಕಿ ರವಿಕೆಯೊಳಗೆ ತುರುಕಿಕೊಂಡಳು. ಮಗಳ ಕುರ್ತಾದ ತೋಳನ್ನು ಮೊಣಕೈ ಮೇಲಿನವರೆಗೆ ಮಡಚಿದಳು, ಒಂದು, ಎರಡು, ಮೂರು ಮಡಿಕೆ.

"ಬಿಗಿ ಆತೇನು?"

"ಆತು."

"ಹಂಗಾರ ಮಾಡು. ನಾ ಇಲ್ಲೇ ಇರತೀನಿ."

ಚಂದನಾ ಮೇಜನ್ನು ಬಲಕ್ಕೆ ತಂದಳು. ಸಡಿಲಾದದ್ದನ್ನು ಬಿಗಿ ಮಾಡಿದಳು. ಸ್ವಿಚ್ಚು ಹಾಕಿದಳು. ಪಟ್ಟಾ ಬಡಿಯಿತು, ಬೆಳ್ಳಿ ಗೆರೆ ಮೂಡಿತು. ಚಕ್ರ ಈಗ ಕಟ್ಟರಿನ ಎದುರು ಬಂತು, ನಿಧಾನವಾಗಿ. ಕಬ್ಬಿಣ ಗುರುಗುಟ್ಟಿತು. ಚೂರು ಸಿಡಿದು ಮೇಜಿನ ಮೇಲೆ ಗುಡ್ಡೆಯಾಗತೊಡಗಿತು.

ಆ ಗುಡ್ಡೆಯನ್ನು ನೋಡುತ್ತಿದ್ದಂತೆ ರಾಮಲಕ್ಷ್ಮಿಯ ಬಲಗೈ ತನ್ನಷ್ಟಕ್ಕೆ ತಾನೇ ಸ್ವಲ್ಪ ಮೇಲೆದ್ದಿತು. ಎದ್ದದ್ದನ್ನು ಅವಳು ಕಂಡಳು. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದು, ಮಗಳ ವೇಲನ್ನು ಮುಂಗೈಗಳಿಗೆ ಸುತ್ತಿದಳು, ಒಂದು ಸುತ್ತು, ಎರಡು ಸುತ್ತು, ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಬಸವಕ್ಕ ಬಾಗಿಲಿಗೆ ಬಂದು, ಚಟ್ಟ ಸಿದ್ಧವಾಯಿತು ಎನ್ನಲು ಬಾಯಿ ತೆರೆದಳು. ನಾಗಣ್ಣ ಕೈ ಎತ್ತಿ ಅವಳನ್ನು ತಡೆದ. ಮೂವತ್ತನೆಯ ಹಲ್ಲು ಕಟ್ಟರಿನ ಕೆಳಗಿಂದ ಹೊರಬಂತು. ಚಂದನಾ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ, ಒಂದು ತೂತು ಮುಂದಕ್ಕೆ ಇಟ್ಟಳು. ಅವಳ ಹಿಂದೆ, ಯಾರೋ ಹಿಡಿದು ಕಟ್ಟಿಹಾಕಿದ ಹಾಗೆ, ಕೈ ಬೆನ್ನಿಗೆ ಬಿಗಿದುಕೊಂಡು, ರೆಪ್ಪೆ ಬಡಿಯದೆ ತಾಯಿ ನಿಂತಿದ್ದಳು.